ಗಿಡದ ಟರ್ಪೀನಿನಲ್ಲಿ ಉಂಗುರ ಗುರುತಿಸುವುದು, ಅದರ ಗುಣದ ಹೇಳಿಕೆಯನ್ನು ತೂಗಿ ನೋಡುವುದು: ಹಂತ ಹಂತದ ಮಾರ್ಗದರ್ಶಿ

ನೆಲಬೇವಿನಲ್ಲಿರುವ ಆಂಡ್ರೊಗ್ರಾಫೊಲೈಡ್ ವೈರಸ್ಸನ್ನು ಕೊಲ್ಲುತ್ತದೆಯೇ, ದವನದ ಎಣ್ಣೆಯಲ್ಲಿ ಮಲೇರಿಯಾದ ಔಷಧ ಇದೆಯೇ, ಬೇವಿನೆಣ್ಣೆಯ ಡಬ್ಬಿಯ ಮೇಲೆ ಬರೆದಿರುವ 1500 ಪಿಪಿಎಂ ಎಂದರೇನು ಎಂಬ ಪ್ರಶ್ನೆಗಳನ್ನು ವಿಜ್ಞಾನದ ವಿದ್ಯಾರ್ಥಿಗಳೂ ಕೃಷಿಕರೂ ಮತ್ತೆ ಮತ್ತೆ ಕೇಳುತ್ತಾರೆ. ಮೇಲ್ನೋಟಕ್ಕೆ ಇವು ಬೇರೆ ಬೇರೆ ಪ್ರಶ್ನೆಗಳೆನಿಸಿದರೂ ಉತ್ತರ ಹುಡುಕುವ ದಾರಿ ಒಂದೇ: ಮೊದಲು ಆ ವಸ್ತುವಿನ ಅಣುವಿನಲ್ಲಿ ಯಾವ ಬಗೆಯ ಉಂಗುರವಿದೆ ಎಂದು ನೋಡಬೇಕು, ಆಮೇಲೆ ಅದು ಎಷ್ಟು ಪ್ರಮಾಣದಲ್ಲಿದೆ ಎಂದು ಲೆಕ್ಕ ಹಾಕಬೇಕು. ಅಣುವು ಏನು ಮಾಡಬಲ್ಲದು, ಯಾವುದರಿಂದ ಕೆಡುತ್ತದೆ ಎಂಬುದನ್ನು ಉಂಗುರ ಬಹುಮಟ್ಟಿಗೆ ತಿಳಿಸುತ್ತದೆ. ನಿಮ್ಮ ಲೋಟದಲ್ಲೋ ಸಿಂಪಡಣೆಯ ಟ್ಯಾಂಕಿನಲ್ಲೋ ಅದು ಕೆಲಸಕ್ಕೆ ಬರುವಷ್ಟಿದೆಯೇ ಎಂಬುದನ್ನು ಮಾತ್ರ ಲೆಕ್ಕವೇ ಹೇಳಬೇಕು.

ಐದು ಇಂಗಾಲಗಳ ಐಸೊಪ್ರೀನ್ ಎಂಬ ಘಟಕಗಳನ್ನು ಜೋಡಿಸಿ ಸಸ್ಯಗಳು ಕಟ್ಟುವ ಸಂಯುಕ್ತಗಳೇ ಟರ್ಪೀನ್‌ಗಳು. ಬರಿಯ ಇಂಗಾಲ ಮತ್ತು ಜಲಜನಕ ಇದ್ದರೆ ಟರ್ಪೀನ್, ಆಮ್ಲಜನಕವೋ ಬೇರೆ ಪರಮಾಣುವೋ ಸೇರಿದರೆ ಟರ್ಪಿನಾಯ್ಡ್ ಎನ್ನುವುದು ಕಟ್ಟುನಿಟ್ಟಿನ ಬಳಕೆ. ಅಣುವಿನ ಉಂಗುರದ ಒಳಗೇ ಇಂಗಾಲವಲ್ಲದ ಪರಮಾಣು, ಸಾಮಾನ್ಯವಾಗಿ ಆಮ್ಲಜನಕ, ಅಪರೂಪಕ್ಕೆ ಸಾರಜನಕ, ಒಂದು ಕೊಂಡಿಯಾಗಿ ನಿಂತಿದ್ದರೆ ಅಂಥದ್ದನ್ನು ಹೆಟರೊಸೈಕ್ಲಿಕ್ ಟರ್ಪೀನ್ ಎನ್ನುತ್ತಾರೆ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಹೆಟರೊಸೈಕ್ಲಿಕ್ ಟರ್ಪೀನ್‌ಗಳೆಲ್ಲವೂ ಟರ್ಪಿನಾಯ್ಡ್‌ಗಳೇ. ಈ ಲೇಖನದಲ್ಲಿ ರೂಢಿಯಂತೆ ಎರಡಕ್ಕೂ ಟರ್ಪೀನ್ ಎಂದೇ ಬಳಸಿದ್ದೇನೆ.

ಬೇಕಾಗುವುದು

ಪಿಯುಸಿ ಮಟ್ಟದ ಸಾವಯವ ರಸಾಯನಶಾಸ್ತ್ರದ ಪರಿಚಯ, ಕಾಗದ, ಪೆನ್ಸಿಲ್, ಕ್ಯಾಲ್ಕುಲೇಟರ್ ಮತ್ತು ಅಂತರ್ಜಾಲ ಸಂಪರ್ಕ ಸಾಕು. ಪಬ್‌ಕೆಮ್ ಎಂಬ ಉಚಿತ ದತ್ತಕೋಶದಲ್ಲಿ ವಸ್ತುವಿನ ಹೆಸರು ಹಾಕಿದರೆ ಅದರ ರಚನಾಚಿತ್ರ, ಅಣುಸೂತ್ರ ಮತ್ತು ಅಣುತೂಕ ಸಿಗುತ್ತವೆ. ಆ ಚಿತ್ರದಲ್ಲಿ ಗೆರೆಗಳು ಕೂಡುವ ಪ್ರತಿ ಮೂಲೆಯೂ ಒಂದು ಇಂಗಾಲ. ಆಮ್ಲಜನಕ ಕೆಂಪಿನಲ್ಲಿ, ಸಾರಜನಕ ನೀಲಿಯಲ್ಲಿ ಇರುತ್ತವೆ. ಎಂಟನೆಯ ಹಂತ ಮಾತ್ರ ಪ್ರಯೋಗಾಲಯದ ಸೌಲಭ್ಯ ಇರುವವರಿಗೆ.

ಹಂತ 1: ಗಿಡ ಯಾವುದೆಂದು ಖಚಿತಪಡಿಸಿಕೊಳ್ಳಿ

ಸಸ್ಯಶಾಸ್ತ್ರೀಯ ಹೆಸರು ಸಿಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಗ್ರಂದಿಗೆ ಅಂಗಡಿಯಲ್ಲಿ ಕಿರಾತಕಡ್ಡಿ ಎಂದು ಕೇಳಿದರೆ ಹಿಮಾಲಯದ ಸ್ವರ್ಟಿಯಾ ಚಿರಾಯಿತಾ ಸಿಗಬಹುದು, ಅಥವಾ ನಮ್ಮ ಬಯಲುಸೀಮೆಯಲ್ಲೂ ಬೆಳೆಯುವ ನೆಲಬೇವು, ಅಂದರೆ ಆಂಡ್ರೊಗ್ರಾಫಿಸ್ ಪ್ಯಾನಿಕ್ಯುಲೇಟಾ ಸಿಗಬಹುದು. ಎರಡೂ ಕಡುಕಹಿ, ಎರಡರ ಕಹಿಗೂ ಹೆಟರೊಸೈಕ್ಲಿಕ್ ಟರ್ಪೀನ್‌ಗಳೇ ಕಾರಣ. ಆದರೆ ಸ್ವರ್ಟಿಯಾದಲ್ಲಿರುವುದು ಹತ್ತು ಇಂಗಾಲದ ಚೌಕಟ್ಟಿನ ಸ್ವರ್ಟಿಯಾಮರಿನ್, ಅಮರೊಜೆಂಟಿನ್. ನೆಲಬೇವಿನಲ್ಲಿರುವುದು ಇಪ್ಪತ್ತು ಇಂಗಾಲದ ಆಂಡ್ರೊಗ್ರಾಫೊಲೈಡ್. ಒಂದರ ಮೇಲೆ ನಡೆದ ಸಂಶೋಧನೆಯನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ಒಂದೇ ಕುಲಕ್ಕೆ ಸೇರಿದ ಗಿಡಗಳಲ್ಲಿ ಒಂದೇ ರಾಸಾಯನಿಕ ಇರುತ್ತದೆ ಎಂದು ಭಾವಿಸುವುದು ಇದಕ್ಕಿಂತ ಸೂಕ್ಷ್ಮವಾದ ತಪ್ಪು. ಮಲೇರಿಯಾದ ಔಷಧ ಆರ್ಟೆಮಿಸಿನಿನ್ ಸಿಗುವುದು ಚೀನಾ ಮೂಲದ ಆರ್ಟೆಮಿಸಿಯಾ ಆನ್ಯುವಾದಿಂದ. ಹೂಮಾಲೆಗೂ ದೇವರ ಪೂಜೆಗೂ ಬಳಸುವ, ಕರ್ನಾಟಕದಲ್ಲಿ ಬೆಳೆಯಾಗಿಯೂ ಇರುವ ದವನ ಆರ್ಟೆಮಿಸಿಯಾ ಪ್ಯಾಲೆನ್ಸ್. ಅದರ ಎಣ್ಣೆಯ ಹೆಗ್ಗುರುತು ಸುಗಂಧೋದ್ಯಮಕ್ಕೆ ಬೇಕಾದ ದವನೋನ್. ದವನೋನ್ ಕೂಡ ಹೆಟರೊಸೈಕ್ಲಿಕ್ ಟರ್ಪೀನ್ ಹೌದು. ಮಲೇರಿಯಾದ ಔಷಧವಂತೂ ಅಲ್ಲ.

ಹಂತ 2: ಇಂಗಾಲ ಎಣಿಸಿ

ಟರ್ಪೀನ್‌ಗಳ ಚೌಕಟ್ಟಿನಲ್ಲಿ ಸಾಮಾನ್ಯವಾಗಿ 10, 15, 20 ಅಥವಾ 30 ಇಂಗಾಲಗಳಿರುತ್ತವೆ. ಇವನ್ನು ಅನುಕ್ರಮವಾಗಿ ಮಾನೊಟರ್ಪೀನ್, ಸೆಸ್ಕ್ವಿಟರ್ಪೀನ್, ಡೈಟರ್ಪೀನ್ ಮತ್ತು ಟ್ರೈಟರ್ಪೀನ್ ಎನ್ನುತ್ತಾರೆ. ನೀಲಗಿರಿ ಎಣ್ಣೆಯ ಸಿನಿಯೋಲ್‌ನಲ್ಲಿ 10, ದವನೋನ್ ಮತ್ತು ಆರ್ಟೆಮಿಸಿನಿನ್‌ಗಳಲ್ಲಿ 15, ಆಂಡ್ರೊಗ್ರಾಫೊಲೈಡ್‌ನಲ್ಲಿ 20 ಇರುವುದನ್ನು ಅಣುಸೂತ್ರದಲ್ಲೇ ಕಾಣಬಹುದು.

ಲೆಕ್ಕ ಹೀಗೆ ನೇರವಾಗಿ ಕೂಡದಿದ್ದಾಗಲೇ ವಿದ್ಯಾರ್ಥಿಗಳು ಗೊಂದಲಕ್ಕೆ ಬೀಳುತ್ತಾರೆ. ಚೌಕಟ್ಟಿನ ಮೇಲೆ ಆಮೇಲೆ ಬಂದು ಕೂತ ಗುಂಪುಗಳನ್ನು ಮೊದಲು ಕಳೆಯಬೇಕು. ಕೋಲಿಯಸ್ ಬೇರಿನ ಫೋರ್ಸ್ಕೊಲಿನ್‌ನಲ್ಲಿ 22 ಇಂಗಾಲಗಳಿವೆ. ಅಸಿಟೈಲ್ ಗುಂಪಿನ 2 ಕಳೆದರೆ 20, ಅಂದರೆ ಡೈಟರ್ಪೀನ್. ಸ್ವರ್ಟಿಯಾಮರಿನ್‌ನಲ್ಲಿರುವ 16ರಲ್ಲಿ ಗ್ಲೂಕೋಸಿನ 6 ಕಳೆದರೆ 10. ಬೇವಿನ ಅಜಾಡಿರಾಕ್ಟಿನ್ ಸ್ವಲ್ಪ ಹೆಚ್ಚು ತಾಳ್ಮೆ ಕೇಳುತ್ತದೆ: ಒಟ್ಟು 35ರಲ್ಲಿ ಟಿಗ್ಲಾಯ್ಲ್ ಗುಂಪಿನ 5, ಅಸಿಟೈಲಿನ 2, ಎರಡು ಮೀಥೈಲ್ ಎಸ್ಟರುಗಳ 2 ಕಳೆದರೆ 26 ಉಳಿಯುತ್ತದೆ. ಮೂವತ್ತು ಇಂಗಾಲದ ಟ್ರೈಟರ್ಪೀನಿನಿಂದ ಹೊರಟ ಸಸ್ಯವು ದಾರಿಯಲ್ಲಿ ನಾಲ್ಕನ್ನು ಕತ್ತರಿಸಿ ಹಾಕಿರುವುದರಿಂದ ಈ 26 ಬಂದಿದೆ. ಕಿತ್ತಳೆ ಜಾತಿಯ ಹಣ್ಣುಗಳ ಲಿಮೊನಿನ್‌ನಲ್ಲೂ 26 ಇಂಗಾಲಗಳೇ ಇವೆ. ಈ ಬಳಗಕ್ಕೆ ಲಿಮೊನಾಯ್ಡ್‌ಗಳು ಎಂದು ಹೆಸರು.

ಎಚ್ಚರಿಕೆ: ಸುವಾಸನೆ ಇದ್ದುದೆಲ್ಲ ಟರ್ಪೀನ್ ಅಲ್ಲ. ಲವಂಗದ, ಕೆಲವು ತುಳಸಿ ತಳಿಗಳ ಯೂಜಿನಾಲ್ ಬೇರೆಯೇ ದಾರಿಯಲ್ಲಿ ಹುಟ್ಟುವ ಫೀನಾಲ್. ಕಾಳುಮೆಣಸಿನ ಪೈಪರೀನ್‌ನಲ್ಲಿ ಸಾರಜನಕವಿರುವ ಉಂಗುರವಿದೆಯಾದರೂ ಅದು ಆಲ್ಕಲಾಯ್ಡ್. ಟರ್ಪೀನ್ ಬಳಗಕ್ಕೆ ಸೇರಿದ್ದಲ್ಲ.

ಹಂತ 3: ಉಂಗುರದ ಸುತ್ತ ಬೆರಳಾಡಿಸಿ

ರಚನಾಚಿತ್ರದ ಪ್ರತಿ ಉಂಗುರದ ಅಂಚಿನ ಮೇಲೂ ಪೆನ್ಸಿಲ್ ಹಿಡಿದು ಒಂದು ಸುತ್ತು ಬನ್ನಿ. ದಾರಿಯಲ್ಲಿ ಕೆಂಪು ಅಕ್ಷರವನ್ನು ದಾಟಿ ಬಂದರೆ ಆ ಉಂಗುರ ಹೆಟರೊಸೈಕ್ಲಿಕ್. ಕೆಂಪು ಅಕ್ಷರ ಉಂಗುರದಿಂದ ಹೊರಕ್ಕೆ ಚಾಚಿಕೊಂಡಿದ್ದರೆ ಅಲ್ಲ. ದವನೋನ್‌ನಲ್ಲಿ ಎರಡು ಆಮ್ಲಜನಕಗಳಿವೆ: ಒಂದು ಐದು ಕೊಂಡಿಗಳ ಉಂಗುರದ ಒಳಗೆ ನಿಂತಿದೆ, ಇನ್ನೊಂದು ಪಕ್ಕದ ಸರಪಳಿಯಲ್ಲಿ ಕೀಟೋನಾಗಿ ಹೊರಗಿದೆ. ಮೊದಲನೆಯದರಿಂದಾಗಿ ಮಾತ್ರ ಅದು ನಮ್ಮ ಪಟ್ಟಿಗೆ ಸೇರುತ್ತದೆ.

ಈ ಸರಳ ಪರೀಕ್ಷೆಯಲ್ಲೇ ಹಲವು ಪರಿಚಿತ ಹೆಸರುಗಳು ಬಿದ್ದುಹೋಗುತ್ತವೆ. ಕರ್ಪೂರ, ಪುದೀನದ ಮೆಂಥಾಲ್, ಶ್ರೀಗಂಧದ ಸ್ಯಾಂಟಲಾಲ್‌ಗಳಲ್ಲಿ ಉಂಗುರಗಳಿವೆ, ಆಮ್ಲಜನಕವೂ ಇದೆ. ಆದರೆ ಆಮ್ಲಜನಕ ಉಂಗುರದ ಹೊರಗಿದೆ. ಏಲಕ್ಕಿ ಎಣ್ಣೆಯ ಎರಡು ಮುಖ್ಯ ಘಟಕಗಳನ್ನೇ ನೋಡಿ. ಆಲ್ಫಾ-ಟರ್ಪಿನೈಲ್ ಅಸಿಟೇಟ್‌ನ ಉಂಗುರದಲ್ಲಿ ಬರಿಯ ಇಂಗಾಲ. ಅದರೊಡನೆ ಇರುವ 1,8-ಸಿನಿಯೋಲ್‌ನಲ್ಲಿ ಒಂದು ಆಮ್ಲಜನಕವು ಅಣುವಿನ ಎರಡು ತುದಿಗಳನ್ನು ಸೇತುವೆಯಂತೆ ಕೂಡಿಸಿ ಉಂಗುರದ ಭಾಗವೇ ಆಗಿದೆ. ಎರಡೂ ಒಂದೇ ಕಾಳಿನೊಳಗೆ, ಒಂದೇ ಬಗೆಯ ಮಧ್ಯಂತರ ರೂಪದಿಂದ ಹುಟ್ಟಿದವು.

ಎಚ್ಚರಿಕೆ: ಅಣುವಿಗೆ ಸಕ್ಕರೆ ಅಂಟಿಕೊಂಡಿದ್ದರೆ ಆ ಸಕ್ಕರೆಯ ಉಂಗುರದಲ್ಲೂ ಒಂದು ಆಮ್ಲಜನಕವಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಡಿದರೆ ಪ್ರತಿ ಗ್ಲೈಕೋಸೈಡೂ ಹೆಟರೊಸೈಕ್ಲಿಕ್ ಎನಿಸಿಕೊಂಡು ವಿಂಗಡಣೆಗೆ ಅರ್ಥವೇ ಉಳಿಯುವುದಿಲ್ಲ.

ಹಂತ 4: ಉಂಗುರದ ಬಗೆ ನೋಡಿ ಸ್ವಭಾವ ಊಹಿಸಿ

ಇದು ಈ ಮಾರ್ಗದರ್ಶಿಯ ಮುಖ್ಯ ಹಂತ. ಇಲ್ಲಿ ಆತುರಪಡಬೇಡಿ.

ಈಥರ್ ಉಂಗುರ: ಆಮ್ಲಜನಕದ ಎರಡೂ ಪಕ್ಕದಲ್ಲಿ ಸಾಧಾರಣ ಇಂಗಾಲಗಳಿದ್ದರೆ ಅದು ಈಥರ್. ಐದು, ಆರು ಕೊಂಡಿಗಳ ಇಂಥ ಉಂಗುರಗಳು ಮಂದ ಸ್ವಭಾವದವು, ಬೇರೆ ಅಣುಗಳೊಡನೆ ಸುಲಭವಾಗಿ ವರ್ತಿಸುವುದಿಲ್ಲ. ಸಿನಿಯೋಲ್ ಮೂಗಿಗೆ ತಂಪೆನಿಸುವುದು, ತಂಪನ್ನು ಗ್ರಹಿಸುವ ನರತುದಿಯ ಗ್ರಾಹಕವನ್ನು ಪ್ರಚೋದಿಸುವುದರಿಂದ. ಔಷಧೀಯ ದರ್ಜೆಯ ನೀಲಗಿರಿ ಎಣ್ಣೆಯಲ್ಲಿ ಕನಿಷ್ಠ ಶೇ. 70ರಷ್ಟು ಸಿನಿಯೋಲ್ ಇರಬೇಕೆಂದು ಯುರೋಪಿನ ಔಷಧಕೋಶ ಹೇಳುತ್ತದೆ. ಮಂದ ಎಂದ ಮಾತ್ರಕ್ಕೆ ನಿರಪಾಯಕಾರಿ ಎಂದಲ್ಲ: ಮಕ್ಕಳು ಈ ಎಣ್ಣೆಯನ್ನು ಕುಡಿದರೆ ಸೆಳವು ಮತ್ತು ಪ್ರಜ್ಞೆ ತಪ್ಪುವ ಅಪಾಯವಿದೆ.

ಫೋರ್ಸ್ಕೊಲಿನ್‌ನ ಆರು ಕೊಂಡಿಗಳ ಈಥರ್ ಉಂಗುರವೂ ರಾಸಾಯನಿಕವಾಗಿ ಶಾಂತವೇ. ಅದು ಕೆಲಸ ಮಾಡುವುದು ಆಕಾರದಿಂದ. ಜೀವಕೋಶದ ಅಡೆನಿಲೈಲ್ ಸೈಕ್ಲೇಸ್ ಎಂಬ ಕಿಣ್ವದ ಸಂದಿನಲ್ಲಿ ಕೂತು ಅದನ್ನು ಚುರುಕುಗೊಳಿಸುತ್ತದೆ. ಜೀವಕೋಶದೊಳಗಿನ ಸಂದೇಶವಾಹಕ ಸೈಕ್ಲಿಕ್ ಎಎಂಪಿ ಏರುತ್ತದೆ. 1970ರ ದಶಕದಲ್ಲಿ ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ ಮತ್ತು ಮುಂಬಯಿಯ ಹೆಕ್ಸ್ಟ್ ಸಂಶೋಧನಾ ಕೇಂದ್ರ ಕೋಲಿಯಸ್ ಬೇರಿನ ಮೇಲೆ ಪ್ರತ್ಯೇಕವಾಗಿ ಕೆಲಸ ಮಾಡಿದ್ದವು. ಇಂದು ಜಗತ್ತಿನ ಜೀವಕೋಶ ಪ್ರಯೋಗಾಲಯಗಳಲ್ಲಿ ಅದು ದಿನಬಳಕೆಯ ಸಾಧನ. ಅದೇ ವಸ್ತುವನ್ನು ತೂಕ ಇಳಿಸುವ ಮಾತ್ರೆಯಾಗಿ ಮಾರುವಾಗ ಈ ಕಿಣ್ವದ ಕಥೆಯನ್ನೇ ಮುಂದಿಡುತ್ತಾರೆ. ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಮಾತ್ರ ಚಿಕ್ಕವು, ಫಲಿತಾಂಶಗಳೂ ಒಂದೇ ಕಡೆಗೆ ಇಲ್ಲ. ರಕ್ತದೊತ್ತಡ ಇಳಿಸುವ ಗುಣವೂ ಇರುವುದರಿಂದ ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಲ್ಯಾಕ್ಟೋನ್ ಉಂಗುರ: ಉಂಗುರದೊಳಗಿನ ಆಮ್ಲಜನಕದ ಪಕ್ಕದ ಇಂಗಾಲಕ್ಕೆ ಇನ್ನೊಂದು ಆಮ್ಲಜನಕ ಎರಡು ಗೆರೆಗಳಲ್ಲಿ ಅಂಟಿದ್ದರೆ ಅದು ಲ್ಯಾಕ್ಟೋನ್, ಅಂದರೆ ಉಂಗುರವಾದ ಎಸ್ಟರ್. ಈಗ ಆ ಕಾರ್ಬೊನಿಲ್ ಇಂಗಾಲದ ಪಕ್ಕದ ಮೂಲೆಯನ್ನು ನೋಡಿ. ಅಲ್ಲಿಂದ ಉಂಗುರದ ಹೊರಕ್ಕೆ ಎರಡು ಗೆರೆಗಳ ತುಂಡು ಕಡ್ಡಿಯೊಂದು ಚಾಚಿಕೊಂಡಿದ್ದರೆ ಎಚ್ಚರವಾಗಿರಿ; ಅದು ಆಲ್ಫಾ-ಮೆಥಿಲೀನ್ ಲ್ಯಾಕ್ಟೋನ್. ಪ್ರೋಟೀನುಗಳಲ್ಲಿರುವ ಗಂಧಕದ ಥಯಾಲ್ ಗುಂಪು ಆ ಕಡ್ಡಿಯ ತುದಿಗೆ ಬಂದು ಬೆಸೆದುಕೊಂಡುಬಿಡುತ್ತದೆ.

ಕಾಂಗ್ರೆಸ್ ಗಿಡ ಎಂದು ನಾವು ಬೈಯುವ ಪಾರ್ಥೇನಿಯಂ ಇದಕ್ಕೆ ಕಣ್ಣೆದುರಿನ ನಿದರ್ಶನ. ಅದರ ಪಾರ್ಥೆನಿನ್ ಹದಿನೈದು ಇಂಗಾಲದ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್. ಎಲೆಯ ಮೇಲಿನ ಸಣ್ಣ ರೋಮಗಳಲ್ಲಿರುವ ಅದು ಕಳೆ ಕೀಳುವವರ ಚರ್ಮದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ, ಹಾಗೆ ಬದಲಾದ ಪ್ರೋಟೀನನ್ನು ದೇಹದ ರೋಗನಿರೋಧ ವ್ಯವಸ್ಥೆ ಪರಕೀಯವೆಂದು ತಿಳಿದು ಪ್ರತಿಭಟಿಸುತ್ತದೆ. ಕುತ್ತಿಗೆ, ಮೊಣಕೈ ಮಡಿಕೆ, ಕಣ್ಣುರೆಪ್ಪೆಗಳ ಮೇಲೆ ಏಳುವ ತುರಿಕೆಯ ಮೂಲ ಇದು. ಒಮ್ಮೆ ಅಲರ್ಜಿ ನೆಲೆಗೊಂಡರೆ ಗಿಡ ಮುಟ್ಟದೆ ಬರಿಯ ಒಣಪುಡಿ ಗಾಳಿಯಲ್ಲಿ ತೇಲಿಬಂದರೂ ಸಾಕಾಗುತ್ತದೆ. ಇದೇ ಪಾರ್ಥೆನಿನ್ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆ ಎಂಬ ಪ್ರಬಂಧಗಳೂ ಇವೆ. ಎರಡರ ಹಿಂದೆಯೂ ಇರುವುದು ಬಹುಮಟ್ಟಿಗೆ ಅದೇ ಕಡ್ಡಿ. ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟುವ ಅಣುವು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಯಾವ ಜೀವಕೋಶವನ್ನಾದರೂ ಕೊಂದೀತು. ಅದನ್ನು ಔಷಧದ ಲಕ್ಷಣವೆಂದು ಓದುವ ಮುನ್ನ, ಆರೋಗ್ಯವಂತ ಜೀವಕೋಶಗಳ ಮೇಲೆ ಅದೇ ಪ್ರಮಾಣ ಏನು ಮಾಡಿತು ಎಂಬ ಕೋಷ್ಟಕವನ್ನು ಪ್ರಬಂಧದಲ್ಲಿ ಹುಡುಕಿ.

ಎಲ್ಲ ಲ್ಯಾಕ್ಟೋನ್‌ಗಳೂ ಹೀಗಲ್ಲ. ಪಶ್ಚಿಮ ಘಟ್ಟದಲ್ಲಿ ಮೀನಿಗೆ ಅಮಲೇರಿಸಲು ಹೊಳೆಗೆ ಹಾಕುತ್ತಿದ್ದ ಕಾಕಮಾರಿ ಕಾಯಿಯ ಪಿಕ್ರೊಟಾಕ್ಸಿನಿನ್‌ನಲ್ಲಿ ಎರಡು ಲ್ಯಾಕ್ಟೋನ್ ಉಂಗುರಗಳಿವೆ, ಅಂಟುವ ಕಡ್ಡಿ ಇಲ್ಲ. ಮೆದುಳಿನಲ್ಲಿ ಉದ್ರೇಕವನ್ನು ತಗ್ಗಿಸುವ ಗಾಬಾ ಗ್ರಾಹಕದ ಕ್ಲೋರೈಡ್ ದಾರಿಯಲ್ಲಿ ಅದು ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಪರಿಣಾಮ ಸೆಳವು, ಹೆಚ್ಚಾದರೆ ಸಾವು. ನಾಟಿ ಔಷಧವೆಂದು ಈ ಕಾಯಿಯನ್ನು ಯಾರೂ ಪ್ರಯೋಗಿಸಬಾರದು. ಆಂಡ್ರೊಗ್ರಾಫೊಲೈಡ್ ಇವೆರಡರ ನಡುವಿನದು: ಉರಿಯೂತವನ್ನು ನಿಯಂತ್ರಿಸುವ ಎನ್‌ಎಫ್-ಕಪ್ಪಾ-ಬಿ ಪ್ರೋಟೀನಿನ ಒಂದು ಸಿಸ್ಟೀನಿಗೆ, ಅಂದರೆ ಥಯಾಲ್ ಗುಂಪಿರುವ ಅಮೈನೋ ಆಮ್ಲಕ್ಕೆ, ಅದು ಬೆಸೆದುಕೊಳ್ಳಬಲ್ಲದು. ಗರ್ಭಿಣಿಯರು ನೆಲಬೇವನ್ನು ಸೇವಿಸಬಾರದು. ಕೆಲವರಲ್ಲಿ ಇದು ತೀವ್ರ ಅಲರ್ಜಿಯನ್ನೂ ಉಂಟುಮಾಡಿದೆ.

ಪೆರಾಕ್ಸೈಡ್ ಸೇತುವೆ: ಉಂಗುರದಲ್ಲಿ ಎರಡು ಆಮ್ಲಜನಕಗಳು ಒಂದಕ್ಕೊಂದು ನೇರವಾಗಿ ಬೆಸೆದಿದ್ದರೆ ಅದು ತುಂಬ ದುರ್ಬಲ ಬೆಸುಗೆ. ಆರ್ಟೆಮಿಸಿನಿನ್‌ನ ಶಕ್ತಿ ಇರುವುದೇ ಅಲ್ಲಿ. ಮಲೇರಿಯಾ ಪರಾವಲಂಬಿ ರಕ್ತದ ಹಿಮೋಗ್ಲೋಬಿನ್ನನ್ನು ಜೀರ್ಣಿಸಿಕೊಳ್ಳುವಾಗ ಹೊರಬರುವ ಕಬ್ಬಿಣಯುಕ್ತ ಹೀಮ್ ಆ ಬೆಸುಗೆಯನ್ನು ಮುರಿಯುತ್ತದೆ, ಮುರಿದ ತುಣುಕುಗಳು ಪರಾವಲಂಬಿಯ ಪ್ರೋಟೀನುಗಳನ್ನು ಹಾಳುಗೆಡವುತ್ತವೆ. ಸೇತುವೆಯ ಒಂದೇ ಒಂದು ಆಮ್ಲಜನಕ ಕಳೆದುಕೊಂಡ ಡಿಆಕ್ಸಿಆರ್ಟೆಮಿಸಿನಿನ್‌ಗೆ ಆ ಗುಣ ಇಲ್ಲ. ಚೀನಾದ ತು ಯೂಯೂ ಅವರ ತಂಡಕ್ಕೆ 1971ರಲ್ಲಿ ದಾರಿ ತೆರೆದದ್ದು, ಕುದಿಸಿ ತೆಗೆಯುವುದನ್ನು ಬಿಟ್ಟು ಸುಮಾರು 35 ಡಿಗ್ರಿಯಲ್ಲೇ ಆವಿಯಾಗುವ ಈಥರ್ ದ್ರಾವಕವನ್ನು ಬಳಸಿದ ಕ್ರಮ. ಈ ಶೋಧಕ್ಕಾಗಿ ಅವರಿಗೆ 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಈ ಗಿಡದ ಚಹಾ ಮಾಡಿ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸುವುದಿಲ್ಲ. ಪ್ರಮಾಣ ಏರುಪೇರಾಗುವುದು ಒಂದು ಕಾರಣ. ಕಡಿಮೆ ಪ್ರಮಾಣಕ್ಕೆ ಪರಾವಲಂಬಿ ಒಗ್ಗಿಕೊಂಡು ಔಷಧವೇ ನಿಷ್ಪ್ರಯೋಜಕವಾಗುವ ಭಯ ಇನ್ನೊಂದು.

ಫ್ಯುರಾನ್ ಉಂಗುರ: ಐದು ಕೊಂಡಿ, ಒಂದು ಆಮ್ಲಜನಕ, ಎರಡು ಜೋಡಿಬಂಧ. ಲಿಮೊನಿನ್‌ನ ತುದಿಯಲ್ಲಿ ಇದನ್ನು ಕಾಣಬಹುದು. ಯಕೃತ್ತಿನ ಕಿಣ್ವಗಳು ಕೆಲವು ಫ್ಯುರಾನ್‌ಗಳನ್ನು ವಿಷಕಾರಿ ತುಣುಕುಗಳನ್ನಾಗಿ ಮಾಡುತ್ತವೆ. ಬೂಷ್ಟು ಹಿಡಿದ ಗೆಣಸಿನಲ್ಲಿ ಹುಟ್ಟುವ ಕಹಿ ಇಪೊಮಿಯಾಮರೋನ್ ಫ್ಯುರಾನ್ ಇರುವ ಸೆಸ್ಕ್ವಿಟರ್ಪೀನೇ. ಅಂಥ ಗೆಣಸನ್ನು ದನಕ್ಕೂ ಹಾಕಬೇಡಿ. ಬೇಯಿಸಿದರೆ ಸರಿಹೋಗುತ್ತದೆ ಎಂದು ನಂಬಬೇಡಿ.

ಸಾರಜನಕ ಸೇರಿದ ಉಂಗುರಗಳ ಲೋಕ ಪ್ರತ್ಯೇಕ ಲೇಖನಕ್ಕೆ ತಕ್ಕಷ್ಟು ದೊಡ್ಡದು. ಅಂಗಳದ ನಿತ್ಯಪುಷ್ಪದಲ್ಲಿ ಸೆಕೊಲೊಗಾನಿನ್ ಎಂಬ ಮಾನೊಟರ್ಪೀನ್ ಸಾರಜನಕವಿರುವ ಟ್ರಿಪ್ಟಮಿನ್ ಎಂಬ ಅಣುವಿನ ಜೊತೆ ಕೂಡಿ ಆರಂಭವಾಗುವ ಸರಣಿಯು ಕ್ಯಾನ್ಸರ್ ಔಷಧಗಳಾದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್‌ಗಳಲ್ಲಿ ಮುಗಿಯುತ್ತದೆ ಎಂದಷ್ಟೇ ಇಲ್ಲಿ ಹೇಳಿದರೆ ಸಾಕು.

ಹಂತ 5: ಉಂಗುರ ಮುಚ್ಚಿಕೊಳ್ಳುವುದನ್ನು ನಾಲಿಗೆಯಲ್ಲೇ ಪರೀಕ್ಷಿಸಿ

ಇದೊಂದು ಅಡುಗೆಮನೆಯಲ್ಲೇ ಮಾಡಬಹುದಾದ, ಸುರಕ್ಷಿತ ಪರೀಕ್ಷೆ. ಒಂದು ಮೋಸಂಬಿಯ ರಸವನ್ನು ಬೀಜ ಬೀಳದಂತೆ ಹಿಂಡಿ ಲೋಟಕ್ಕೆ ಸೋಸಿ. ಇನ್ನೊಂದನ್ನು ಸಿಪ್ಪೆ ಸುಲಿದು, ತೊಳೆಗಳನ್ನು ಪೊರೆ ಮತ್ತು ಬೀಜಗಳ ಸಮೇತ ಮಿಕ್ಸಿಗೆ ಹಾಕಿ ಸೋಸಿ. ಎರಡನ್ನೂ ಆಗಲೇ ಒಂದೊಂದು ಚಮಚ ರುಚಿ ನೋಡಿ, ಮುಚ್ಚಿಟ್ಟು ಎರಡು ಮೂರು ಗಂಟೆ ಬಿಟ್ಟು ಮತ್ತೆ ನೋಡಿ. ಎರಡನೆಯ ಲೋಟ ಗಂಟಲಿಗೆ ಹತ್ತುವಷ್ಟು ಕಹಿಯಾಗಿರುತ್ತದೆ.

ಹಣ್ಣು ಇಡಿಯಾಗಿದ್ದಾಗ ಅದರಲ್ಲಿರುವುದು ಲಿಮೊನಿನ್‌ನ ಒಂದು ಲ್ಯಾಕ್ಟೋನ್ ಉಂಗುರ ತೆರೆದುಕೊಂಡ ರೂಪ. ಅದಕ್ಕೆ ಕಹಿಯಿಲ್ಲ. ಕೋಶಗಳು ಒಡೆದು ರಸದ ಹುಳಿ ತಾಕಿದ ಮೇಲೆ, ಹಣ್ಣಿನದೇ ಕಿಣ್ವದ ನೆರವಿನಿಂದ ಆ ಉಂಗುರ ನಿಧಾನವಾಗಿ ಮುಚ್ಚಿಕೊಂಡು ಲಿಮೊನಿನ್ ಆಗುತ್ತದೆ. ಲೀಟರಿಗೆ ಕೆಲವೇ ಮಿಲಿಗ್ರಾಂ ಇದ್ದರೂ ನಾಲಿಗೆ ಅದನ್ನು ಹಿಡಿಯುತ್ತದೆ. ಉಂಗುರವೊಂದು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಜೀವಿಯ ಮೇಲಿನ ಪರಿಣಾಮವನ್ನು ಹೇಗೆ ಬದಲಿಸುತ್ತದೆ ಎಂದು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ತಿಳಿದಿಲ್ಲ.

ಎಚ್ಚರಿಕೆ: ಚಕ್ಕೋತದಲ್ಲಿ ಈ ಪರೀಕ್ಷೆ ಮಾಡಬೇಡಿ. ಅದರ ಕಹಿ ಕೂಡಲೇ ತಿಳಿಯುವ ನರಿಂಜಿನ್‌ನದು. ನರಿಂಜಿನ್ ಫ್ಲೇವನಾಯ್ಡ್ ಬಳಗದ್ದು, ಟರ್ಪೀನ್ ಅಲ್ಲ.

ಹಂತ 6: ಶಾಖ, ಬೆಳಕು, ಕ್ಷಾರ ಎಂಬ ಮೂರು ಪ್ರಶ್ನೆ ಕೇಳಿ; ಆಮೇಲೆ ಡಬ್ಬಿಯ ಲೆಕ್ಕ ಮಾಡಿ

ಪೆರಾಕ್ಸೈಡ್ ಶಾಖಕ್ಕೆ ಹೆದರುತ್ತದೆ, ಲ್ಯಾಕ್ಟೋನ್ ಕ್ಷಾರದಲ್ಲಿ ಬಿಚ್ಚಿಕೊಳ್ಳುತ್ತದೆ. ಸಿನಿಯೋಲ್‌ನಂಥ ಸಣ್ಣ ಈಥರ್ ಕೆಡುವುದಿಲ್ಲ, ಆದರೆ ತೆರೆದ ಪಾತ್ರೆಯಲ್ಲಿ ಕಷಾಯ ಕುದಿಸಿದರೆ ಹಬೆಯೊಡನೆ ಹೊರಟುಹೋಗುತ್ತದೆ. ಹೀಗೆ ತಯಾರಿಕೆಯ ವಿಧಾನವನ್ನು ಉಂಗುರದ ಸ್ವಭಾವದ ಪಕ್ಕದಲ್ಲಿಟ್ಟು ನೋಡಿದರೆ, ಮಾರುವವರು ಹೇಳುವ ವಸ್ತು ಆ ಸೀಸೆಯಲ್ಲಿ ಉಳಿದಿರುವ ಸಂಭವ ಎಷ್ಟೆಂದು ಅಂದಾಜಾಗುತ್ತದೆ.

ಬೇವಿನ ಅಜಾಡಿರಾಕ್ಟಿನ್‌ಗೆ ಬಿಸಿಲೂ ಆಗದು, ಕ್ಷಾರವೂ ಆಗದು. ತಿಳಿ ಆಮ್ಲೀಯ ನೀರಿನಲ್ಲಿ ಅದು ಹೆಚ್ಚು ಹೊತ್ತು ಬಾಳುತ್ತದೆ. ಆದ್ದರಿಂದ ಸಂಜೆ ಸಿಂಪಡಿಸಿ, ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಇಡಬೇಡಿ, ಗಡಸು ಕೊಳವೆಬಾವಿ ನೀರನ್ನು ಮೊದಲು ಪಿಎಚ್ ಕಾಗದದಿಂದ ಪರೀಕ್ಷಿಸಿ. ಸೋಪಿನ ನೀರು ಸ್ವತಃ ಕ್ಷಾರೀಯವಾದ್ದರಿಂದ ಅದನ್ನು ರಾತ್ರಿಯೇ ಬೆರೆಸದೆ ಸಿಂಪಡಿಸುವ ಹೊತ್ತಿಗೆ ಬೆರೆಸಿ.

ಈಗ ಡಬ್ಬಿಯ ಲೆಕ್ಕ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. 1500 ಪಿಪಿಎಂ ಎಂದರೆ ಲೀಟರಿನಲ್ಲಿ ಸುಮಾರು 1.5 ಗ್ರಾಂ, ಶೇಕಡಾ ಲೆಕ್ಕದಲ್ಲಿ 0.15. ಆ ಎಣ್ಣೆಯನ್ನು ಲೀಟರ್ ನೀರಿಗೆ 5 ಮಿ.ಲೀ. ಬೆರೆಸಿದರೆ ಸಿಂಪಡಣೆಯಲ್ಲಿ ಲೀಟರಿಗೆ 7.5 ಮಿಲಿಗ್ರಾಂ ಅಜಾಡಿರಾಕ್ಟಿನ್ ಇರುತ್ತದೆ. 300 ಪಿಪಿಎಂ ಎಣ್ಣೆಯನ್ನು ಅಷ್ಟೇ ಬೆರೆಸಿದರೆ 1.5 ಮಿಲಿಗ್ರಾಂ ಮಾತ್ರ. 10000 ಪಿಪಿಎಂ ದ್ರವವನ್ನು ಲೀಟರಿಗೆ 1 ಮಿ.ಲೀ. ಹಾಕಿದರೂ 10 ಮಿಲಿಗ್ರಾಂ ಸಿಗುತ್ತದೆ. ಡಬ್ಬಿಯ ಬೆಲೆಗಳನ್ನು ಹೋಲಿಸುವಾಗ ಲೀಟರಿನ ಬೆಲೆ ನೋಡದೆ ಮಿಲಿಗ್ರಾಂ ಅಜಾಡಿರಾಕ್ಟಿನ್‌ಗೆ ಎಷ್ಟು ಬಿತ್ತು ಎಂದು ನೋಡಿ. ಅಗ್ಗದ ಡಬ್ಬಿ ಹಲವು ಸಲ ದುಬಾರಿಯಾಗಿ ಕಾಣುತ್ತದೆ. ಹಾಕುವ ಪ್ರಮಾಣಕ್ಕೆ ಮಾತ್ರ ಲೇಬಲ್ಲಿನ ಸೂಚನೆಯೇ ಅಂತಿಮ.

ಮನೆಯಲ್ಲೇ ಮಾಡುವ ಶೇ. 5ರ ಬೇವಿನ ಬೀಜದ ಕಷಾಯದಲ್ಲಿ ಲೀಟರಿಗೆ 50 ಗ್ರಾಂ ತಿರುಳಿರುತ್ತದೆ. ಬೀಜದಲ್ಲಿ ಸಾಮಾನ್ಯವಾಗಿ ತೂಕದ ಶೇ. 0.2ರಿಂದ 0.6ರಷ್ಟು ಅಜಾಡಿರಾಕ್ಟಿನ್ ಇರುತ್ತದೆ. ಕಡಿಮೆಯ ಅಂಕಿ ಹಿಡಿದರೂ ತಿರುಳಿನಲ್ಲಿ 100 ಮಿಲಿಗ್ರಾಂ ಇದ್ದು, ನೀರು ಅದರಲ್ಲಿ ಒಂದು ಭಾಗವನ್ನಷ್ಟೇ ಸೆಳೆದುಕೊಂಡರೂ ತೆಳು ಎಣ್ಣೆಗಳಿಗಿಂತ ಮೇಲೇ ಆಗಬಹುದು. ಇದಕ್ಕೆ ಬೀಜ ನೆರಳಲ್ಲಿ ಒಣಗಿದ್ದು, ಬೂಷ್ಟು ಹಿಡಿಯದ್ದು, ಹಳೆಯದಲ್ಲದ್ದು ಆಗಿರಬೇಕು.

ಎಚ್ಚರಿಕೆ: ಸಿಂಪಡಿಸಿದ ಮರುದಿನ ಹುಳು ಸತ್ತು ಬಿದ್ದಿಲ್ಲವೆಂದು ಪ್ರಮಾಣ ಹೆಚ್ಚಿಸಬೇಡಿ. ಅಜಾಡಿರಾಕ್ಟಿನ್ ಕೀಟದ ಹಸಿವನ್ನು ಅಡಗಿಸಿ, ಪೊರೆ ಕಳಚುವ ಹಾರ್ಮೋನನ್ನು ಏರುಪೇರು ಮಾಡುತ್ತದೆ. ಹುಳು ಎಲೆ ತಿನ್ನುವುದನ್ನು ನಿಲ್ಲಿಸಿ, ಮುಂದಿನ ಪೊರೆ ಬಿಡಲಾರದೆ ಕೆಲವು ದಿನಗಳಲ್ಲಿ ಸಾಯುತ್ತದೆ. ಎಲೆಯ ಮೇಲಿನ ಹೊಸ ತೂತುಗಳನ್ನು ಎಣಿಸಿದರೆ ಪರಿಣಾಮ ಬೇಗ ತಿಳಿಯುತ್ತದೆ. ಬೇವಿನೆಣ್ಣೆಯನ್ನು ಶಿಶುಗಳಿಗೆ ಕುಡಿಸುವ ರೂಢಿ ಇರುವ ಮನೆಗಳು ಅದನ್ನು ಇಂದೇ ನಿಲ್ಲಿಸಬೇಕು. ಮೆದುಳು ಮತ್ತು ಯಕೃತ್ತಿಗೆ ಹಾನಿಯಾಗಿ ಮಕ್ಕಳು ಸತ್ತ ವರದಿಗಳು ವೈದ್ಯ ಸಾಹಿತ್ಯದಲ್ಲಿವೆ.

ಹಂತ 7: ಐಸಿ50 ಅಂಕಿಯನ್ನು ಓದಿ

ಒಂದು ಜೈವಿಕ ಕ್ರಿಯೆಯನ್ನು ಅರ್ಧಕ್ಕೆ ಇಳಿಸಲು ಬೇಕಾದ ಸಾಂದ್ರತೆಯೇ ಐಸಿ50. ಅಂಕಿ ಚಿಕ್ಕದಾದಷ್ಟೂ ವಸ್ತು ಪ್ರಬಲ. ಪ್ರಬಂಧಗಳಲ್ಲಿ ಇದು ಮೈಕ್ರೋಮೋಲಾರಿನಲ್ಲೋ ಮಿಲಿಲೀಟರಿಗೆ ಮೈಕ್ರೋಗ್ರಾಂನಲ್ಲೋ ಇರುತ್ತದೆ. ಮೊದಲನೆಯದನ್ನು ಅಣುತೂಕದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಎರಡನೆಯದು ಬರುತ್ತದೆ. ಆಂಡ್ರೊಗ್ರಾಫೊಲೈಡ್‌ನ ಅಣುತೂಕ ಸುಮಾರು 350. ಹಾಗಾಗಿ 10 ಮೈಕ್ರೋಮೋಲಾರ್ ಎಂದರೆ ಮಿಲಿಲೀಟರಿಗೆ 3.5 ಮೈಕ್ರೋಗ್ರಾಂ. ಆರ್ಟೆಮಿಸಿನಿನ್ ಮಲೇರಿಯಾ ಪರಾವಲಂಬಿಯ ಮೇಲೆ ಕೆಲಸ ಮಾಡುವುದು ಸುಮಾರು 10 ನ್ಯಾನೋಮೋಲಾರಿನ ಆಸುಪಾಸಿನಲ್ಲಿ, ಅಂದರೆ ಮೇಲಿನ ಸಾಂದ್ರತೆಯ ಸಾವಿರದ ಒಂದು ಪಾಲಿನಲ್ಲಿ. ಎರಡಕ್ಕೂ ಒಂದೇ ವಿಶೇಷಣ ಹಚ್ಚುವ ಜಾಹೀರಾತುಗಳನ್ನು ನೋಡಿದಾಗ ಈ ಅಂತರ ನೆನಪಿರಲಿ.

ಸಸ್ಯಸಾರದ ಐಸಿ50 ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಎಂದು ವರದಿಯಾಗಿದೆ ಎಂದಿಟ್ಟುಕೊಳ್ಳಿ. ವಯಸ್ಕರ ದೇಹದಲ್ಲಿ ಸುಮಾರು 40 ಲೀಟರ್ ನೀರಿದೆ. ಅಷ್ಟರಲ್ಲೂ ಆ ಸಾಂದ್ರತೆ ತರಲು 8 ಗ್ರಾಂ ಸಾರ, ಒಂದಿಷ್ಟೂ ಕೆಡದೆ, ಪೂರ್ತಿ ರಕ್ತಕ್ಕೆ ಸೇರಬೇಕು. ಹತ್ತು ಭಾಗ ಒಣಪುಡಿಗೆ ಒಂದು ಭಾಗ ಸಾರ ಎಂದಾದರೆ 80 ಗ್ರಾಂ ಪುಡಿ, ಅದೂ ಒಂದೇ ಸಲಕ್ಕೆ! ದೇಹದಲ್ಲಿ ಔಷಧ ಹಂಚಿಕೆಯಾಗುವ ಬಗೆ ಇಷ್ಟು ಸರಳವಲ್ಲ, ನಿಜ. ಆದರೆ ಆಗದ ಮಾತನ್ನು ಆಗದು ಎಂದು ತಿಳಿಯಲು ಈ ಒರಟು ಲೆಕ್ಕ ಸಾಕು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೀವಕೋಶ ಪರೀಕ್ಷೆಗಳಲ್ಲಿ ಸಸ್ಯಸಾರವೊಂದು ಮುಂದಿನ ಅಧ್ಯಯನಕ್ಕೆ ಅರ್ಹವೆನಿಸಲು ಮಿಲಿಲೀಟರಿಗೆ 20ರಿಂದ 30 ಮೈಕ್ರೋಗ್ರಾಂಗಿಂತ ಕೆಳಗಿರಬೇಕೆಂಬ ರೂಢಿಯಿದೆ. ಅದು ಅಧ್ಯಯನಕ್ಕೆ ಅರ್ಹತೆ ಮಾತ್ರ.

ಇನ್ನೆರಡು ಬಲೆಗಳಿವೆ. ಮೊದಲನೆಯದು ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣದ ಪರೀಕ್ಷೆ. ಸಸ್ಯಸಾರ ಆ ಬಣ್ಣವನ್ನು ಅಳಿಸಿತು, ಆದ್ದರಿಂದ ಅದರ ಟರ್ಪೀನ್ ಆ್ಯಂಟಿಆಕ್ಸಿಡೆಂಟ್ ಎಂದು ಬರೆಯುತ್ತಾರೆ. ಬಣ್ಣ ಅಳಿಸುವುದು ಬಹುಪಾಲು ಸಾರದಲ್ಲಿರುವ ಫೀನಾಲ್‌ಗಳು. ಫೀನಾಲ್ ಗುಂಪಿಲ್ಲದ ಲ್ಯಾಕ್ಟೋನಿಗೋ ಈಥರಿಗೋ ಆ ಶಕ್ತಿ ತೀರ ಕಡಿಮೆ. ಎರಡನೆಯದು ಕಂಪ್ಯೂಟರಿನಲ್ಲಿ ಅಣುವನ್ನು ಪ್ರೋಟೀನಿನೊಳಗೆ ಕೂರಿಸಿ ನೋಡುವ ಡಾಕಿಂಗ್. ಅದು ಪ್ರಶ್ನೆ ಹುಟ್ಟಿಸಲು ಒಳ್ಳೆಯದು, ಉತ್ತರವೆಂದು ಹಿಡಿಯಬೇಡಿ.

ಹಂತ 8: ಪ್ರಯೋಗಾಲಯದಲ್ಲಿ ದೃಢಪಡಿಸುವವರಿಗೆ

ಸ್ನಾತಕೋತ್ತರ ಪ್ರಾಜೆಕ್ಟುಗಳಲ್ಲಿ ಮೆಥನಾಲ್ ಸಾರವನ್ನು ಜಿಸಿ-ಎಂಎಸ್ (ವಸ್ತುಗಳನ್ನು ಆವಿಯಾಗಿಸಿ ಬೇರ್ಪಡಿಸಿ ಗುರುತಿಸುವ) ಯಂತ್ರಕ್ಕೆ ಕಳುಹಿಸಿ, ಅದು ಮುದ್ರಿಸಿ ಕೊಟ್ಟ ಉದ್ದನೆಯ ಪಟ್ಟಿಯನ್ನು ಹಾಗೆಯೇ ಪ್ರಬಂಧಕ್ಕೆ ಸೇರಿಸುವ ಚಾಳಿ ಬೆಳೆದಿದೆ. ಆ ಯಂತ್ರ ಆವಿಯಾಗಬಲ್ಲ ವಸ್ತುಗಳನ್ನಷ್ಟೇ ಕಾಣುತ್ತದೆ. ಸಿನಿಯೋಲ್, ದವನೋನ್ ಅದಕ್ಕೆ ಸರಿ. ಅಜಾಡಿರಾಕ್ಟಿನ್, ಲಿಮೊನಿನ್, ಆಂಡ್ರೊಗ್ರಾಫೊಲೈಡ್‌ಗಳಿಗೆ ಎಚ್‌ಪಿಎಲ್‌ಸಿ ಎಂಬ ದ್ರವ ಕ್ರೊಮ್ಯಾಟೋಗ್ರಫಿಯೇ ಬೇಕು. ಯಂತ್ರದ ಗ್ರಂಥಾಲಯ ಸೂಚಿಸುವ ಹೆಸರು ಬರಿಯ ಹೋಲಿಕೆ. ರಿಟೆನ್ಷನ್ ಇಂಡೆಕ್ಸ್, ಅಂದರೆ ಆಲ್ಕೇನ್‌ಗಳ ಸಾಲಿಗೆ ಹೋಲಿಸಿ ವಸ್ತು ಹೊರಬಂದ ಸ್ಥಾನವನ್ನು ಲೆಕ್ಕ ಹಾಕಿದ ಅಂಕಿ, ಜೊತೆಗಿಲ್ಲದಿದ್ದರೆ ಪರೀಕ್ಷಕರು ಅದನ್ನು ಒಪ್ಪಬೇಕಾಗಿಲ್ಲ.

ತೆಳುಪದರ ಕ್ರೊಮ್ಯಾಟೋಗ್ರಫಿಯ ತಟ್ಟೆಯಲ್ಲಿ ಉಂಗುರಕ್ಕೆ ತಕ್ಕ ಬಣ್ಣದ ಕಾರಕವನ್ನು ಆರಿಸಿ. ನೆಲಬೇವಿನಲ್ಲಿರುವಂಥ ಅಪರ್ಯಾಪ್ತ ಐದು ಕೊಂಡಿಗಳ ಲ್ಯಾಕ್ಟೋನಿಗೆ ಕೆಡ್ಡೆ ಕಾರಕ ನೇರಳೆ ಛಾಯೆ ಕೊಡುತ್ತದೆ. ಲಿಮೊನಿನ್‌ನಂಥ ಫ್ಯುರಾನ್ ಲಿಮೊನಾಯ್ಡ್‌ಗೆ ಎರ್ಲಿಕ್ ಕಾರಕ ಸಿಂಪಡಿಸಿ ಹೈಡ್ರೊಕ್ಲೋರಿಕ್ ಆಮ್ಲದ ಹಬೆ ತೋರಿಸಿದರೆ ಕಿತ್ತಳೆಗೆಂಪು ಚುಕ್ಕೆ ಏಳುತ್ತದೆ. ಲೀಬರ್ಮನ್-ಬರ್ಕಾರ್ಡ್ ಪರೀಕ್ಷೆ ಟ್ರೈಟರ್ಪೀನ್, ಸ್ಟೆರಾಲ್‌ಗಳಿಗೆ ಸಂಬಂಧಿಸಿದ್ದು, ಉಂಗುರದೊಳಗಿನ ಆಮ್ಲಜನಕದ ವಿಷಯವಾಗಿ ಅದು ಏನನ್ನೂ ಹೇಳುವುದಿಲ್ಲ. ಪ್ರತಿ ತಟ್ಟೆಯಲ್ಲೂ ನಿಮ್ಮ ಸಾರದ ಪಕ್ಕದಲ್ಲಿ ಶುದ್ಧ ಮಾದರಿಯ ಚುಕ್ಕೆ ಮತ್ತು ಬರಿಯ ದ್ರಾವಕದ ಚುಕ್ಕೆ ಇರಲಿ.

ಸಾರ ತೆಗೆಯುವ ಕ್ರಮವೇ ಹೊಸ ಉಂಗುರಗಳನ್ನು ಹುಟ್ಟಿಸಬಹುದು ಎಂಬುದನ್ನೂ ಗಮನದಲ್ಲಿಡಿ. ಆಮ್ಲೀಯ ಪರಿಸರದಲ್ಲಿ ಬಟ್ಟಿ ಇಳಿಸಿದರೆ ಟರ್ಪಿನಿಯೋಲ್‌ನ ಒಂದು ಭಾಗ ಸಿನಿಯೋಲ್ ಆಗುತ್ತದೆ. ಹಳೆಯ ಮೆಣಸಿನೆಣ್ಣೆಯಲ್ಲಿ ಕ್ಯಾರಿಯೊಫಿಲೀನ್ ಗಾಳಿಯ ಆಮ್ಲಜನಕ ಹೀರಿ, ಮೂರು ಕೊಂಡಿಗಳ ಉಂಗುರವಿರುವ ಕ್ಯಾರಿಯೊಫಿಲೀನ್ ಆಕ್ಸೈಡ್ ಆಗುತ್ತದೆ. ಆದ್ದರಿಂದ ಗಿಡ ಕಿತ್ತ ದಿನಾಂಕ, ಒಣಗಿಸಿದ ಬಗೆ, ದ್ರಾವಕ, ಉಷ್ಣತೆ, ಸಾರ ಸಂಗ್ರಹಿಸಿಟ್ಟ ಅವಧಿಯನ್ನು ದಾಖಲೆ ಪುಸ್ತಕದಲ್ಲಿ ಅಂದಂದೇ ಬರೆಯಿರಿ. ಎಣ್ಣೆಗಳನ್ನು ಕಂದುಗಾಜಿನ ಸೀಸೆಯಲ್ಲಿ ಕುತ್ತಿಗೆಯವರೆಗೆ ತುಂಬಿ ಶೈತ್ಯಪೆಟ್ಟಿಗೆಯಲ್ಲಿಡಿ. ಗಿಡದ ಒಂದು ಒಣ ಮಾದರಿಯನ್ನು ಕಾಲೇಜಿನ ಹರ್ಬೇರಿಯಂಗೆ, ಅಂದರೆ ಒಣ ಸಸ್ಯಮಾದರಿಗಳ ಸಂಗ್ರಹಕ್ಕೆ, ಕೊಟ್ಟು ಅದರ ಸಂಖ್ಯೆಯನ್ನು ಪ್ರಬಂಧದಲ್ಲಿ ನಮೂದಿಸಿ. ಮುಂದೆ ಯಾರಾದರೂ ನಿಮ್ಮ ಫಲಿತಾಂಶವನ್ನು ಪ್ರಶ್ನಿಸಿದರೆ ಮೊದಲು ಕೇಳುವುದು ಆ ಸಂಖ್ಯೆಯನ್ನೇ.